ಉಸಿರು ಸಿಕ್ತು, ಎದೆಬಡಿತ ಇನ್ನೂ ಇಲ್ಲ

ಮೈಗೆ ಏನೂ ಅಂಟಿಸದೆ ಉಸಿರಾಟ ಎಣಿಸುವ ಪ್ರಾಜೆಕ್ಟ್ ಅಂತೂ ಒಂದು ಹಂತಕ್ಕೆ ಬಂತು. ಸಾಮಾನು ಜಾಸ್ತಿ ಇಲ್ಲ: ಶಬ್ದ ಬಿಟ್ಟು ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್, ಅದನ್ನು ನಡೆಸೋಕೆ ಆರ್ಡುಯಿನೊ ಯುನೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್, ಒಂದು ಪವರ್ ಬ್ಯಾಂಕ್. ಸೆನ್ಸರನ್ನು ಸೊಳ್ಳೆ ಪರದೆಯ ಕೋಲಿಗೆ ಕಟ್ಟಿ, ಕೆಳಗೆ ಮಲಗಿದ ಕಾಕಾನ ಎದೆಯಿಂದ ಸುಮಾರು 60 ಸೆಂ.ಮೀ. ಮೇಲೆ ಇಟ್ಟಿದ್ದೇನೆ.

ಸೆನ್ಸರ್ 40 ಕಿಲೋಹರ್ಟ್ಸ್ ಶಬ್ದ ಬಿಡುತ್ತದೆ, ಅದು ಎದೆಗೆ ಬಡಿದು ವಾಪಸ್ ಬರುವ ಹೊತ್ತನ್ನು ನಾವು ಅಳೆಯಬೇಕು. ಎದೆ 1 ಮಿ.ಮೀ. ಏರಿದರೆ ಆ ಹೊತ್ತಿನಲ್ಲಿ ಆಗುವ ವ್ಯತ್ಯಾಸ ಸುಮಾರು 6 ಮೈಕ್ರೋಸೆಕೆಂಡ್ ಅಷ್ಟೇ. ಯುನೊದ ಮಾಮೂಲಿ ಗಡಿಯಾರ 4 ಮೈಕ್ರೋಸೆಕೆಂಡ್‌ಗೊಮ್ಮೆ ಹೆಜ್ಜೆ ಹಾಕುತ್ತದೆ, ಸಾಲದು. ಅದಕ್ಕೇ ಎಕೋ (ವಾಪಸ್ ಬಂದ ಶಬ್ದ) ಸಿಕ್ಕಿದ್ದನ್ನು ಹೇಳುವ ಸೆನ್ಸರಿನ ವೈರನ್ನು ಯುನೊದ 8ನೇ ಪಿನ್ನಿಗೆ ಕೊಟ್ಟು ಟೈಮರ್‌ನ ಇನ್‌ಪುಟ್ ಕ್ಯಾಪ್ಚರ್ ಬಳಸಿದೆ; ಅಂದರೆ ಸಿಗ್ನಲ್ ಬಂದ ಕ್ಷಣವನ್ನು ಚಿಪ್ಪೇ ಇನ್ನೂ ಸಣ್ಣ ಹೆಜ್ಜೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ.

ಆದರೂ ಗೋಡೆಗೆ ಹಿಡಿದರೂ ರೀಡಿಂಗ್ ಆಗಾಗ 4 ಮಿ.ಮೀ. ಜಿಗಿಯುತ್ತಿತ್ತು. ಗೋಡೆ ಉಸಿರಾಡಲ್ಲ ಅಲ್ವಾ! ಗ್ರಾಫ್ ಹಿಗ್ಗಿಸಿ ನೋಡಿದರೆ ಪ್ರತಿ ಜಿಗಿತವೂ 25 ಮೈಕ್ರೋಸೆಕೆಂಡ್ ಆಸುಪಾಸು. ಅದು 40 ಕಿಲೋಹರ್ಟ್ಸ್‌ನ ಸರಿಯಾಗಿ ಒಂದು ಅಲೆ. ಎಕೋ ಸ್ವಲ್ಪ ಸಣ್ಣಗಾದರೆ ಸೆನ್ಸರ್ ಮೊದಲ ಅಲೆ ಬಿಟ್ಟು ಮುಂದಿನದನ್ನು ಹಿಡಿಯುತ್ತದೆ. ಸುಮ್ನೆ ಸರಾಸರಿ ತೆಗೆದರೆ ಇದು ಉಸಿರಿನ ಜೊತೆಗೇ ಕಲಸಿಹೋಗುತ್ತದೆ. ಸೆಕೆಂಡಿಗೆ 20 ಸಲ ಅಳೆಯುವಾಗ ಎರಡು ರೀಡಿಂಗ್ ನಡುವೆ ಮಲಗಿದವರ ಎದೆ 4 ಮಿ.ಮೀ. ಏರಲು ಸಾಧ್ಯವೇ ಇಲ್ಲ. ಹಾಗಾಗಿ ಅಷ್ಟು ಜಿಗಿದರೆ ಒಂದು ಅಲೆ ಕಳೆ ಅಥವಾ ಕೂಡಿಸು ಅಂತ ಕೋಡ್‌ಗೆ ಹೇಳಿದೆ.

ಅಲ್ಲಿಂದ ಗೆರೆ ಚೆಂದ ಬಂತು. ವಾಚ್ ನೋಡಿ ನಾನು ಎಣಿಸಿದ್ದು ನಿಮಿಷಕ್ಕೆ 15, ಕೋಡ್ ಹೇಳಿದ್ದೂ 15. ಕಾಕಾನ ಗೊರಕೆ ಶುರುವಾದ ಮೇಲಂತೂ ನೋಡೋಕೇ ಖುಷಿ.

ಬನಿಯನ್ ಇದ್ದರೆ ತೊಂದರೆ ಇಲ್ಲ. ಕೌದಿ ಹೊದ್ದರೆ ಎಕೋ ಬರೋದೇ ಇಲ್ಲ, ಶಬ್ದವನ್ನೆಲ್ಲ ಅದೇ ನುಂಗುತ್ತದೆ. ಫ್ಯಾನ್ ದೊಡ್ಡ ತಲೆನೋವು. ಗಾಳಿ ಬಿಸಿಯಾದರೆ ಶಬ್ದದ ವೇಗ ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್ ಹೆಚ್ಚುತ್ತದೆ. ಅದು ನಿಧಾನಕ್ಕೆ ಆದರೆ ಕೋಡ್‌ನಲ್ಲಿರುವ ಫಿಲ್ಟರ್ ಅದನ್ನು ತೆಗೆದುಹಾಕುತ್ತದೆ, ಆದರೆ ಫ್ಯಾನ್ ಗಾಳಿ ಕಲಕಿದಾಗ ಆಗುವ ಏರಿಳಿತ ಅದರ ಕೈಗೆ ಸಿಗಲ್ಲ. ಬಾಗಲಕೋಟೆಯ ಬೇಸಿಗೆಯಲ್ಲಿ ಫ್ಯಾನ್ ಆರಿಸು ಅಂದರೆ ಯಾರು ಕೇಳುತ್ತಾರೆ? "ಮೊದ್ಲ ಫ್ಯಾನ್ ಹಚ್ಚಲೇ, ಆಮ್ಯಾಲ ನಿನ್ನ ಮಷೀನು" ಅಂತಾರೆ ಕಾಕಾ. ಕರೆಂಟ್ ಹೋದಾಗಲೇ ನನ್ನ ಟೆಸ್ಟಿಂಗ್.

ಎದೆಬಡಿತಕ್ಕೆ ಈ ದಾರಿ ಆಗಲ್ಲ. ಚರ್ಮ ಅಲುಗುವುದೇ ಅರ್ಧ ಮಿ.ಮೀ.ಗಿಂತ ಕಡಿಮೆ. ಹೊತ್ತು ಅಳೆಯುವ ಬದಲು ನಿರಂತರ ಶಬ್ದ ಬಿಟ್ಟು ಫೇಸ್ ಅಳೆಯಬೇಕು, ಅಂದರೆ ವಾಪಸ್ ಬಂದ ಅಲೆ ಬಿಟ್ಟ ಅಲೆಗಿಂತ ಎಷ್ಟು ಹಿಂದೆ-ಮುಂದೆ ಸರಿದಿದೆ ಅಂತ. ಅಲೆಯ ಉದ್ದ ಸುಮಾರು 8.6 ಮಿ.ಮೀ., ಆದ್ದರಿಂದ ಹೋಗಿ ಬರುವ ದಾರಿ ಎರಡೂ ಸೇರಿ ಅರ್ಧ ಮಿ.ಮೀ.ಗೆ 42 ಡಿಗ್ರಿಯಷ್ಟು ಫೇಸ್ ಬದಲಾಗುತ್ತದೆ. ಬಿಡಿ ಟ್ರಾನ್ಸ್‌ಮಿಟರ್, ರಿಸೀವರ್ ತಂದಿಟ್ಟಿದ್ದೇನೆ. ಸಿಗ್ನಲ್ ದೊಡ್ಡದು ಮಾಡುವ ಆಂಪ್ಲಿಫೈಯರ್‌ಗೆ ಮನೆಯಲ್ಲಿರುವುದು ಎಲ್‌ಎಮ್358 ಚಿಪ್. ಇಷ್ಟು ಫ್ರೀಕ್ವೆನ್ಸಿಗೆ ಅದರ ಒಂದು ಹಂತದಲ್ಲಿ 20ರಷ್ಟು ಗೇನ್ (ಅಂದರೆ 20 ಪಟ್ಟು ದೊಡ್ಡದು) ಸಿಕ್ಕರೆ ಹೆಚ್ಚು. ಎರಡು ಹಂತ ಹಾಕಿ ನೋಡುತ್ತೇನೆ.