ಐನ್‌ಹಾರ್ಡ್‌ನ ಊರುಗಳಿಗೆ ಹೊರಟವರು ಮೊದಲು ಸ್ಟೈನ್‌ಬಾಖ್‌ಗೆ ಹೋಗಿ

ಫ್ರಾಂಕ್‌ಫರ್ಟ್‌ನಲ್ಲಿ ಒಂದು ದಿನ ಬಿಡುವು ಸಿಕ್ಕರೆ ನಮ್ಮವರು ಹೆಚ್ಚಾಗಿ ಹೈಡೆಲ್‌ಬರ್ಗ್ ಕಡೆ ಹೊರಡುತ್ತಾರೆ. ಇತಿಹಾಸದ ಹುಚ್ಚಿರುವವರು ಹಾನಾವ್‌ಗೆ ಹೋಗಿ, ಅಲ್ಲಿಂದ ಓಡನ್‌ವಾಲ್ಡ್ ಎಂಬ ಗುಡ್ಡಗಾಡಿನ ಕಡೆಗೆ ಹೋಗುವ ರೈಲು ಹಿಡಿಯಲಿ. ಒಂಬತ್ತನೆಯ ಶತಮಾನದ ವಿದ್ವಾಂಸ ಐನ್‌ಹಾರ್ಡ್ ಕಟ್ಟಿಸಿದ ಎರಡೂ ಚರ್ಚುಗಳು ಇದೇ ಹಾದಿಯಲ್ಲಿವೆ. ಜರ್ಮನಿಯ ಮಾಸಿಕ ಪಾಸ್ ಇದ್ದರೆ ಬೇರೆ ಟಿಕೆಟ್ ಬೇಡ.

ಐನ್‌ಹಾರ್ಡ್ ಹುಟ್ಟಿದ್ದು 770ರ ಸುಮಾರಿಗೆ. ಓದಿದ್ದು ಫುಲ್ಡಾ ಮಠದಲ್ಲಿ. ಕುಳ್ಳನೆಯ ಆಳು, ಆದರೆ ಫ್ರಾಂಕರ ದೊರೆ ಶಾರ್ಲ್‌ಮೇನ್‌ನ ಆಸ್ಥಾನದಲ್ಲಿ ಅವನ ಮಾತಿಗೆ ತೂಕವಿತ್ತು. 806ರಲ್ಲಿ ದೊರೆ ತನ್ನ ಮಕ್ಕಳಿಗೆ ಮಾಡಿದ ರಾಜ್ಯ ಹಂಚಿಕೆಯ ಪತ್ರ ಹಿಡಿದು ರೋಮ್‌ಗೆ ಹೋದವನು ಇವನೇ; ಮುಂದೆ ದೊರೆಯ ಜೀವನಚರಿತ್ರೆ ಬರೆದವನೂ ಇವನೇ. ಹೆಂಡತಿ ಇಮ್ಮಾಳೊಂದಿಗೆ ಸಂಸಾರ ಮಾಡುತ್ತಲೇ ಹಲವು ಮಠಗಳಿಗೆ ಅಧಿಪತಿಯಾಗಿದ್ದ. ಆ ಕಾಲದಲ್ಲಿ ದೀಕ್ಷೆ ಪಡೆಯದ ಗೃಹಸ್ಥರಿಗೂ ದೊರೆ ಮಠಗಳನ್ನು ಉಂಬಳಿಯಂತೆ ಕೊಡುತ್ತಿದ್ದ. 815ರಲ್ಲಿ ಶಾರ್ಲ್‌ಮೇನ್‌ನ ಮಗ ಲೂಯಿ ದೊರೆ ಇವನಿಗೆ ಮಿಷೆಲ್‌ಸ್ಟಾಟ್ ಮತ್ತು ಇಂದಿನ ಜೆಲಿಗನ್‌ಸ್ಟಾಟ್‌ಗಳನ್ನು ಕೊಟ್ಟ.

ಜೆಲಿಗನ್‌ಸ್ಟಾಟ್ ಮೊದಲು ಸಿಗುತ್ತದೆ, ಆದರೆ ಅಲ್ಲಿ ಇಳಿಯಬೇಡಿ. ನೇರ ಮಿಷೆಲ್‌ಸ್ಟಾಟ್‌ಗೆ ಹೋಗಿ, ಊರ ಹೊರಗೆ ಸ್ಟೈನ್‌ಬಾಖ್‌ನಲ್ಲಿರುವ ಐನ್‌ಹಾರ್ಡ್‌ನ ಚರ್ಚಿಗೆ ನಡೆಯಿರಿ. ಚಳಿಗಾಲದಲ್ಲಿ ಭೇಟಿಯ ವೇಳೆ ಬದಲಾಗುತ್ತದೆ, ಹೊರಡುವ ಮೊದಲೇ ನೋಡಿಕೊಳ್ಳಿ. ಕೆಲವರು ಆ ಚರ್ಚು ಬರೀ ಖಾಲಿ ಎನ್ನುತ್ತಾರೆ. ನನಗಂತೂ ಈ ಪ್ರವಾಸದ ಜೀವ ಅಲ್ಲೇ ಇದೆ. ಬಲಿಪೀಠದ ಅಲಂಕಾರವಿಲ್ಲ, ಬಣ್ಣದ ಗಾಜಿಲ್ಲ. ಸುಮಾರು ಸಾವಿರದಿನ್ನೂರು ವರ್ಷ ಹಳೆಯ ಗೋಡೆ ಕಣ್ಣೆದುರಿಗೇ ನಿಲ್ಲುತ್ತದೆ. ಅಕ್ಕಪಕ್ಕದ ಪಡಸಾಲೆಗಳು ಹೋದ ಮೇಲೆ ಕಮಾನುಗಳನ್ನು ಮುಚ್ಚಿದ್ದಾರೆ. ಹೊರಗಿನಿಂದ ಹತ್ತಿರ ನಿಂತು ನೋಡಿ: ಕಲ್ಲಿನ ಗೋಡೆಯೊಳಗೆ ಚೌಕನೆಯ ಇಟ್ಟಿಗೆ ಕಂಬಗಳು, ಅವುಗಳ ಮೇಲೆ ಕಮಾನಿನ ಬಾಗು ಸ್ಪಷ್ಟವಾಗಿ ಕಾಣುತ್ತವೆ. ಕೆಳಗೆ ಶಿಲುಬೆಯಾಕಾರದ ನೆಲಮಾಳಿಗೆಯಿದೆ. ಇಳಿಯಲು ಬಿಡುತ್ತಾರೋ ಎಂದು ಬಾಗಿಲಲ್ಲೇ ಕೇಳಿ; ಬೇಸಿಗೆಯಲ್ಲೂ ಒಂದು ಸ್ವೆಟರ್ ಜೊತೆಗಿರಲಿ.

827ರಲ್ಲಿ ಐನ್‌ಹಾರ್ಡ್‌ನ ಕಡೆಯವರು ರೋಮ್‌ನ ಸಮಾಧಿಯಿಂದ ರಾತ್ರೋರಾತ್ರಿ ಮಾರ್ಸೆಲಿನಸ್ ಮತ್ತು ಪೀಟರ್ ಎಂಬ ಸಂತರ ಅಸ್ಥಿ ಕದ್ದು ತಂದಿಟ್ಟದ್ದು ಈ ಚರ್ಚಿನಲ್ಲಿ. ಸಂತರಿಗೆ ಈ ಜಾಗ ಒಪ್ಪಿಗೆಯಿಲ್ಲ ಎಂದು ಕನಸುಗಳು ಬಿದ್ದವಂತೆ; ಮರುವರ್ಷ ಅಸ್ಥಿಗಳನ್ನು ಜೆಲಿಗನ್‌ಸ್ಟಾಟ್‌ಗೆ ಸಾಗಿಸಿದರು. ಅದಕ್ಕೇ ಈ ಕ್ರಮದಲ್ಲಿ ಹೋಗಿ ಎಂದದ್ದು. ಮಿಷೆಲ್‌ಸ್ಟಾಟ್ ಪೇಟೆಯಲ್ಲಿ 1484ರ ಮರದ ಪುರಭವನ ನೋಡಿ, ಊಟ ಮುಗಿಸಿ ಹಿಂದಿರುಗುವ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ಜೆಲಿಗನ್‌ಸ್ಟಾಟ್.

ಇಲ್ಲಿನ ಚರ್ಚು ದೊಡ್ಡದು, ನಂತರದವರು ಬಹಳ ಸೇರಿಸಿದ್ದಾರೆ. ಒಳಗಿನ ಇಟ್ಟಿಗೆ ಕಂಬಗಳನ್ನು ಮಾತ್ರ ಹುಡುಕಿ ನೋಡಿ, ಸ್ಟೈನ್‌ಬಾಖ್‌ನ ಕಂಬಗಳ ಬಳಗವೇ ಅವು. 836ರಲ್ಲಿ ಇಮ್ಮಾ ತೀರಿಕೊಂಡಾಗ ಐನ್‌ಹಾರ್ಡ್ ತಡೆಯಲಾರದ ದುಃಖವನ್ನು ಲೂಪಸ್ ಎಂಬ ಗೆಳೆಯನಿಗೆ ಪತ್ರದಲ್ಲಿ ತೋಡಿಕೊಂಡಿದ್ದಾನೆ. 840ರಲ್ಲಿ ಅವನೂ ಹೋದ. ಇಬ್ಬರ ಸಮಾಧಿ ಪೆಟ್ಟಿಗೆ ಈ ಚರ್ಚಿನಲ್ಲಿದೆ.

ಮಠದ ತೋಟದಲ್ಲಿ ಸುತ್ತಾಡಲು ಒಂದು ಗಂಟೆ ಇಟ್ಟುಕೊಳ್ಳಿ. ಇಲ್ಲಿಂದ ಹಾನಾವ್ ಹತ್ತಿರವೇ, ಹಾಗಾಗಿ ಸಂಜೆ ಅವಸರ ಬೇಡ.