ಮೆಣಸು ಹೋದ ದಾರಿಯಲ್ಲಿ ಒಂದು ಸಂಜೆ

ಲಿಸ್ಬನ್‌ಗೆ ಹೋಗಿ ಬಂದು ಮೂರು ವಾರ ಆಯ್ತು. ಕೇಳಿದವರಿಗೆಲ್ಲ ಫೋಟೋ ಕಳಿಸಿದ್ದೇನೆ. ಆದರೆ ಒಂದು ಸಂಜೆ ಮಾತ್ರ ಫೋಟೋದಲ್ಲಿ ಮುಗಿಯುವಂಥದ್ದಲ್ಲ, ಬರೆಯಲೇಬೇಕು ಅನ್ನಿಸಿತು. ತೇಜು ನದಿಯಲ್ಲಿ ಹಾಯಿದೋಣಿ. ಆಯಿ ಅಂದರೆ ನನ್ನ ಅಮ್ಮ, ನಾನು, ನನ್ನ ಗಂಡ. ದೋಣಿ ನಡೆಸಲು ಒಬ್ಬ ಹುಡುಗಿ. ಅಷ್ಟೇ ಜನ.

ಇಂಗ್ಲಿಷಿನವರು ಟೇಗಸ್ ಅನ್ನುವ ನದಿಯನ್ನು ಅಲ್ಲಿಯ ಜನ ತೇಜು ಅನ್ನುತ್ತಾರೆ. ಸ್ಪೇನಿನ ಬೆಟ್ಟಗಳಲ್ಲಿ ಹುಟ್ಟಿ ಸಾವಿರ ಕಿಲೋಮೀಟರ್ ಹರಿದು ಲಿಸ್ಬನ್ ಪಕ್ಕದಲ್ಲಿ ಅಟ್ಲಾಂಟಿಕ್ ಸೇರುತ್ತದೆ. ನನಗೆ ಆ ಊರಿಗೆ ಹೋಗಬೇಕು ಅಂತ ಆಸೆ ಹುಟ್ಟಿದ್ದು ಟ್ರಾಮ್ ನೋಡಲಿಕ್ಕಲ್ಲ, ಈ ನದಿಗಾಗಿ. ನಮ್ಮದು ಹೊನ್ನಾವರ. ಆಯಿಯ ತವರು ಶರಾವತಿಯ ನಡುವಿನ ಒಂದು ಕುರ್ವೆ, ಅಂದರೆ ನಡುಗಡ್ಡೆ. ನಮ್ಮ ನದಿಯಿಂದ ಹೋದ ಕಾಳುಮೆಣಸು ಹಡಗಿನಿಂದ ಇಳಿದದ್ದು ಈ ನದಿಯ ದಡದಲ್ಲಿ. ಇದನ್ನು ಶಾಲೆಯಲ್ಲಿ ಓದಿದ್ದೆ. ನೀರಿನ ಮೇಲೆ ಕೂತು ನೋಡುವುದು ಬೇರೆ.

ಮೊದಲು ಬುಕಿಂಗ್ ವಿಷಯ ಹೇಳಿಬಿಡುತ್ತೇನೆ, ಹೋಗುವವರಿಗೆ ಉಪಯೋಗವಾದೀತು. ಹತ್ತು ಹನ್ನೆರಡು ಜನರನ್ನು ಒಟ್ಟಿಗೆ ಕೂರಿಸಿಕೊಂಡು ಹೋಗುವ ದೋಣಿಗಳು ಬೇಕಾದಷ್ಟಿವೆ, ತಲೆಗೆ ಇಷ್ಟು ಅಂತ ಲೆಕ್ಕ, ಅಗ್ಗ. ನಾವು ಇಡೀ ದೋಣಿಯನ್ನೇ ಎರಡು ತಾಸಿನ ಮಟ್ಟಿಗೆ ಹಿಡಿದೆವು. ಇಬ್ಬರಿದ್ದರೂ ಆರು ಜನರಿದ್ದರೂ ಬಾಡಿಗೆ ಒಂದೇ, ಹಾಗಾಗಿ ನಾಲ್ಕೈದು ಜನ ಸೇರಿದರೆ ಅಷ್ಟೇನೂ ಭಾರವಲ್ಲ. ನಮಗೆ ಭಾರವೇ ಆಯ್ತು. "ಸುಮ್ನೆ ಎಂತಕ್ಕೆ ಇಷ್ಟು ದುಡ್ಡು, ಎಲ್ಲರ ಜೊತೆ ಹೋದರೆ ಆಗ್ತಿತ್ತು" ಅಂತ ಆಯಿ ಎರಡು ದಿನ ಹೇಳಿದಳು. ಆದರೆ ಅವಳಿಗೆ ಮಂಡಿನೋವು. ಬೇಕಾದಲ್ಲಿ ಕೂರಬೇಕು, ಬೇಕಾದಾಗ ಕಾಲು ಚಾಚಬೇಕು, ಏನಾದರೂ ಕಂಡರೆ ನಿಧಾನ ಮಾಡಿ ಅಂತ ಕೇಳುವ ಹಾಗಿರಬೇಕು. ಅದಕ್ಕೆ ನಾನು ಮಾತು ಕೇಳಲಿಲ್ಲ.

ಮೊದಲ ದಿನದ ಸವಾರಿ ರದ್ದಾಯ್ತು. ಗಾಳಿ ಜಾಸ್ತಿ ಇದೆ, ನಾಳೆ ಬನ್ನಿ ಅಂತ ಮಧ್ಯಾಹ್ನ ಮೆಸೇಜ್ ಬಂತು. ಬಿಸಿಲು ಚೆನ್ನಾಗಿದೆ, ಒಂದು ಮೋಡವಿಲ್ಲ, ಏನು ಗಾಳಿ ಅಂತ ನನಗೆ ಬೇಜಾರಾಗಿತ್ತು. ಸಂಜೆ ದಡಕ್ಕೆ ಹೋಗಿ ನಿಂತಾಗ ಗೊತ್ತಾಯ್ತು, ಆಯಿಯ ಸೆರಗು ಹಿಡಿದುಕೊಳ್ಳಲು ಎರಡು ಕೈ ಬೇಕಾಯಿತು. ಬೇಸಿಗೆಯಲ್ಲಿ ಅಲ್ಲಿ ಬಡಗಣ ಗಾಳಿ. ನೊರ್ತಾದ ಅನ್ನುತ್ತಾರೆ. ಒಳನಾಡು ಬಿಸಿಲಿಗೆ ಕಾದಷ್ಟೂ ಮಧ್ಯಾಹ್ನದ ಮೇಲೆ ಇದು ಜೋರಾಗುತ್ತದೆ, ಊರಿನ ಗುಡ್ಡಗಳ ಮೇಲಿಂದ ಇಳಿದು ಸೀದಾ ನೀರಿಗೆ ಬೀಳುತ್ತದೆ. ರದ್ದು ಮಾಡಿದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ನೀವು ಹೋಗುವುದಾದರೆ ಊರು ಬಿಡುವ ಕೊನೆಯ ದಿನಕ್ಕೆ ಮಾತ್ರ ಬುಕ್ ಮಾಡಬೇಡಿ, ಒಂದು ದಿನ ಕೈಯಲ್ಲಿರಲಿ.

ಮಾರನೇ ದಿನ ಆರು ಗಂಟೆಗೆ ಹತ್ತಿದೆವು. ಸೆಪ್ಟೆಂಬರ್ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ಏಳೂಮುಕ್ಕಾಲು. ಸಾಂತೂ ಅಮಾರು ಅನ್ನುವ ಸಣ್ಣ ಧಕ್ಕೆ, ದೊಡ್ಡ ಸೇತುವೆಯ ಕೆಳಗೇ ಇದೆ. ಮೇಲಿನಿಂದ ಒಂದೇ ಸಮನೆ ಗುಂಯ್‌ಗುಡುವ ಸದ್ದು, ಹೆಜ್ಜೇನು ಗೂಡಿನ ಕೆಳಗೆ ನಿಂತ ಹಾಗೆ. ಸೇತುವೆಯ ರಸ್ತೆಯಲ್ಲಿ ಕೆಲವು ಪಟ್ಟಿಗಳಿಗೆ ಡಾಂಬರಿಲ್ಲ, ಉಕ್ಕಿನ ಜಾಲರಿ. ಅದರ ಮೇಲೆ ಕಾರಿನ ಚಕ್ರ ಉರುಳಿದಾಗ ಬರುವ ಸದ್ದು ಅದು. 1966ರಲ್ಲಿ ಶುರುವಾದಾಗ ಅದಕ್ಕೆ ಸರ್ವಾಧಿಕಾರಿ ಸಲಾಜಾರ್ ಹೆಸರಿತ್ತು. 1974ರ ಏಪ್ರಿಲ್ 25ರಂದು ಕ್ರಾಂತಿಯಾಗಿ ಆ ಆಡಳಿತ ಬಿದ್ದ ಮೇಲೆ ಆ ದಿನದ್ದೇ ಹೆಸರಿಟ್ಟರು. ಉದ್ದ 2,277 ಮೀಟರ್. "ನಮ್ಮ ರೈಲ್ವೆ ಬ್ರಿಜ್ಜಿನಷ್ಟೇ ಇದ್ದ ಹಾಗೆ ಕಾಣ್ತದೆ" ಅಂದಳು ಆಯಿ. ಹೌದು, ಶರಾವತಿ ಮೇಲಿನ ಕೊಂಕಣ ರೈಲ್ವೆ ಸೇತುವೆಯೂ ಎರಡು ಕಿಲೋಮೀಟರಿಗಿಂತ ಉದ್ದ. ಅವಳ ಕಣ್ಣಳತೆ ಯಾವಾಗಲೂ ಹಾಗೇ.

ದೋಣಿ ಮೂವತ್ತು ಮೂವತ್ತೈದು ಅಡಿ ಇದ್ದಿರಬೇಕು. ಹುಡುಗಿ ಆಯಿಯ ಕೈ ಹಿಡಿದು ಹತ್ತಿಸಿಕೊಂಡಳು, ಚಪ್ಪಲಿ ಬಿಚ್ಚಿಸಿದಳು, ಲೈಫ್ ಜಾಕೆಟ್ ತೊಡಿಸಿದಳು. ಯಾವುದನ್ನು ಹಿಡಿಯಬಹುದು, ಯಾವ ಹಗ್ಗ ಮುಟ್ಟಬಾರದು ಅಂತ ತೋರಿಸಿದಳು. ಹಿಂದಿನ ಮೂಲೆಯಲ್ಲಿ ಹಗ್ಗ ಕಟ್ಟಿದ ಒಂದು ಕಪ್ಪು ಬಕೆಟ್ ಇತ್ತು. ಅದು ಆಯಿಯ ಕಾಲಿಗೆ ತಾಗುವ ಹಾಗಿತ್ತು, ಅದನ್ನು ಸರಿಸುತ್ತಾ ಅವಳು ಏನೋ ಹೇಳಿದಳು. ಅದರಲ್ಲಿ 'ಬಾಲ್ದ್' ಅಂತ ಒಂದು ಶಬ್ದ ಕೇಳಿಸಿತು. ಆಯಿ ಥಟ್ಟನೆ ನನ್ನ ಕಡೆ ತಿರುಗಿದಳು.

"ಬಾಲ್ದಿ ಅಂದ್ಳಾ ಅವಳು?"

ಬಾಲ್ದಿಯೇ. ನಮ್ಮ ಕಡೆ ಬಾವಿಕಟ್ಟೆಯಲ್ಲಿ ದಿನಾ ಹೇಳುವ ಬಾಲ್ದಿ ಅವರ ಭಾಷೆಯಿಂದಲೇ ಬಂದದ್ದು. ಆಮೇಲೆ ಆಯಿಗೆ ಅದೇ ಆಟವಾಯ್ತು. ಹುಡುಗಿ ನಡುವೆ ಮಡಿಸಿಟ್ಟಿದ್ದ ಮೇಜು ಬಿಚ್ಚಿದಳು, ಅವರಿಗೆ ಅದು 'ಮೇಜ'. ಚಾವಿ ಅವರಿಗೆ 'ಶಾವ್', ಸಾಬೂನು 'ಸಬಾಂವ್', ಬಟಾಟೆ 'ಬತಾತ'. ಆಯಿ ಒಂದೊಂದೇ ಶಬ್ದ ಹೇಳುವುದು, ಹುಡುಗಿ ಅದನ್ನು ತಿರುಗಿಸಿ ಹೇಳುವುದು, ಇಬ್ಬರೂ ನಗುವುದು. ಇಬ್ಬರ ನಡುವೆ ನಾನು ಇಂಗ್ಲಿಷಿನಲ್ಲಿ ದಾಟಿಸುವ ಕೆಲಸವೇ ಇರಲಿಲ್ಲ.

ಧಕ್ಕೆಯಿಂದ ಹೊರಗೆ ಬರುವ ತನಕ ಇಂಜಿನ್. ಆಮೇಲೆ ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ಹಿಡಿದು ದೊಡ್ಡ ಹಾಯಿ ಏರಿಸಿದಳು. ಬಟ್ಟೆ ಪಟಪಟ ಬಡಿದುಕೊಂಡಿತು. ಮೂತಿ ಸ್ವಲ್ಪ ತಿರುಗಿಸಿದ್ದೇ ತಡ, ಹಾಯಿ ತುಂಬಿಕೊಂಡಿತು, ದೋಣಿ ಒಂದು ಪಕ್ಕಕ್ಕೆ ಮೆಲ್ಲಗೆ ವಾಲಿತು. ಇಂಜಿನ್ ಬಂದ್ ಮಾಡಿದಳು. ಆ ಕ್ಷಣ ಹೇಗಿತ್ತು ಅಂದರೆ, ಮನೆಯಲ್ಲಿ ಕರೆಂಟು ಹೋದಾಗ ಫ್ರಿಡ್ಜಿನ ಸದ್ದು ನಿಂತು ಹೊರಗಿನ ಮಳೆ ಕೇಳಿಸುತ್ತದಲ್ವಾ, ಹಾಗೆ. ನೀರು ದೋಣಿಯ ಹೊಟ್ಟೆಗೆ ಉಜ್ಜುವ ಸದ್ದು ಬಿಟ್ಟರೆ ಬೇರೇನಿಲ್ಲ.

ಆಯಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು, "ಅಜ್ಜನ ಕಾಲದಲ್ಲಿ ಗೇರುಸೊಪ್ಪೆ ಕಡೆಯಿಂದ ಬರುವ ದೋಣಿ ಹೀಗೇ ಹಾಯಿ ಕಟ್ಟಿ ಬರ್ತಿತ್ತು. ನಾವು ಕುರ್ವೆ ದಂಡೆ ಮೇಲೆ ನಿಂತು ಕೂಗ್ತಿದ್ದೆವು." ಅವಳು ದೋಣಿ ದಾಟಿ ಶಾಲೆಗೆ ಹೋದವಳು ಅಂತ ಗೊತ್ತಿತ್ತು. ಈ ಹಾಯಿಯ ಕತೆ ನಾನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ನನಗೆ ಈಗ ಮೂವತ್ತೊಂಬತ್ತು.

ಮೊದಲು ಮೂಡಲಿಗೆ ಹೋದೆವು. ನದಿಯಲ್ಲಿ ಇಳಿತ ನಡೆದಿತ್ತು, ನೀರೆಲ್ಲ ಸಮುದ್ರದ ಕಡೆ ಎಳೆಯುತ್ತಿತ್ತು, ಅದಕ್ಕೆ ಎದುರಾಗಿ ಹೋಗಬೇಕಿದ್ದರಿಂದ ನಿಧಾನ. ಗಾಳಿ ಎಡಪಕ್ಕದಿಂದ ಅಡ್ಡ ಬೀಸುತ್ತಿತ್ತು. ನದಿ ಪೂರ್ವ ಪಶ್ಚಿಮ, ಗಾಳಿ ಬಡಗಣದಿಂದ, ಹಾಗಾಗಿ ಹೋಗುವಾಗಲೂ ಬರುವಾಗಲೂ ಅಡ್ಡಗಾಳಿಯೇ. ಹಾಯಿದೋಣಿಗೆ ಇದಕ್ಕಿಂತ ಒಳ್ಳೆಯ ಗಾಳಿ ಇಲ್ಲ ಅಂತ ಹುಡುಗಿ ಹೇಳಿದಳು. ಎಡಗಡೆ ಊರು ಗುಡ್ಡದ ಮೇಲೆ ಹತ್ತಿ ಹತ್ತಿ ಹೋಗಿತ್ತು, ತುದಿಯಲ್ಲಿ ಕೋಟೆ, ಕೆಂಪು ಹೆಂಚಿನ ಮಾಡುಗಳ ಮೇಲೆ ಬಿಸಿಲು ಓರೆಯಾಗಿ ಬಿದ್ದಿತ್ತು. ಆಚೆ ದಡಕ್ಕೆ ಆಫೀಸು ಮುಗಿಸಿ ಹೋಗುವ ಜನರನ್ನು ತುಂಬಿಕೊಂಡು ಫೆರ್ರಿ ನಮ್ಮ ಮುಂದೆ ದಾಟಿತು. ಅದರ ಅಲೆಗೆ ನಾವು ಎರಡು ಸಲ ಎದ್ದು ಕೂತೆವು.

ತೆರೇರು ದು ಪಾಸು ಅನ್ನುವ ದೊಡ್ಡ ಚೌಕದ ಎದುರಿಗೆ ಬಂದಾಗ ನಿಧಾನ ಮಾಡಿ ಅಂತ ಕೇಳಿಕೊಂಡೆ. ಹಳದಿ ಬಣ್ಣದ ಕಮಾನುಗಳ ಸಾಲು, ನಡುವೆ ಕುದುರೆ ಮೇಲಿನ ರಾಜ, ನೀರಿಗಿಳಿಯುವ ಮೆಟ್ಟಿಲು, ಮೆಟ್ಟಿಲ ಎರಡು ಕಡೆ ಎರಡು ಕಂಬ. ಹೆಸರಿನ ಅರ್ಥ ಅರಮನೆಯ ಅಂಗಳ ಅಂತ. ಅರಮನೆ ಈಗಿಲ್ಲ. 1755ರ ನವೆಂಬರ್ 1ರ ಬೆಳಿಗ್ಗೆ, ಜನ ಹಬ್ಬದ ಪೂಜೆಗೆ ಚರ್ಚುಗಳಲ್ಲಿ ತುಂಬಿದ್ದಾಗ, ಭೂಕಂಪವಾಯಿತು. ದಡಕ್ಕೆ ಓಡಿ ಬಂದವರ ಮೇಲೆ ಸಮುದ್ರ ಇದೇ ನದಿಯ ಬಾಯಿಂದ ನುಗ್ಗಿತು. ಉಳಿದದ್ದನ್ನು ಬೆಂಕಿ ತಿಂದಿತು. ಆ ಅರಮನೆಗೆ ಹೊಂದಿಕೊಂಡೇ ಕಾಸಾ ದ ಇಂಡಿಯಾ ಇತ್ತು, ಅಂದರೆ ಇಂಡಿಯಾದ ಮನೆ. ನಮ್ಮ ಕಡೆಯಿಂದ ಬಂದ ಮೆಣಸೆಲ್ಲ ಇಲ್ಲಿ ಇಳಿದು, ತೂಗಿ, ಲೆಕ್ಕ ಬರೆಸಿಕೊಂಡು, ಯುರೋಪಿಗೆಲ್ಲ ಹೋಗುತ್ತಿತ್ತು.

ಆಯಿಗೆ ನಾನು ಚೆನ್ನಭೈರಾದೇವಿಯ ವಿಷಯ ನೆನಪಿಸಿದೆ. ಗೇರುಸೊಪ್ಪೆಯ ರಾಣಿ, 16ನೇ ಶತಮಾನದಲ್ಲಿ ಅರ್ಧ ಶತಮಾನದಷ್ಟು ಕಾಲ ಆಳಿದವಳು. ಪೋರ್ಚುಗೀಸರು ಅವಳನ್ನು 'ರೈನ್ಯಾ ದ ಪಿಮೆಂತ' ಅಂತ ಕರೆದರು, ಕಾಳುಮೆಣಸಿನ ರಾಣಿ. ಅವಳ ಜೊತೆ ಯುದ್ಧವನ್ನೂ ಮಾಡಿದರು, ವ್ಯಾಪಾರವನ್ನೂ ಮಾಡಿದರು. ಘಟ್ಟದ ಮೆಣಸು ಶರಾವತಿಯಲ್ಲಿ ಇಳಿದು ಹೊನ್ನಾವರದಲ್ಲಿ ಹಡಗು ಹತ್ತುತ್ತಿತ್ತು. ಆಯಿ ಆ ಮೆಟ್ಟಿಲನ್ನೇ ನೋಡುತ್ತಾ ಕೇಳಿದ್ದು ಒಂದೇ ಪ್ರಶ್ನೆ. "ಅಷ್ಟು ದಿನ ಹಡಗಿನಲ್ಲಿ ಇದ್ರೆ ಮೆಣಸಿಗೆ ಬೂಸ್ಟು ಬರ್ಲಿಲ್ವಾ?"

ಮೆಣಸು ಬಿಡಿಸಿ, ಚಾಪೆ ಮೇಲೆ ಹರವಿ, ಮೋಡ ಬಂದಾಗ ಓಡಿ ಹೋಗಿ ಒಳಗೆ ತಂದವರಿಗಷ್ಟೇ ಹೊಳೆಯುವ ಪ್ರಶ್ನೆ ಅದು. ಲಿಸ್ಬನ್ ಬಗ್ಗೆ ಓದಿದ ಎಲ್ಲದಕ್ಕಿಂತ ನನಗೆ ಇದು ಮುಖ್ಯ ಅನ್ನಿಸಿತು. ಇಲ್ಲಿ ತೂಗಿದ ಒಂದೊಂದು ಮೂಟೆಯನ್ನೂ ಘಟ್ಟದ ಕೆಳಗೆ ಯಾರೋ ಒಬ್ಬ ಹೆಂಗಸು ಬಿಸಿಲಿಗೆ ಹಾಕಿದ್ದಾಳೆ, ಕಾಲಲ್ಲಿ ಕೆದಕಿದ್ದಾಳೆ, ಮೊರದಲ್ಲಿ ಕೇರಿದ್ದಾಳೆ. ಅವಳ ಹೆಸರು ಇಲ್ಲಿ ಯಾವ ಕಲ್ಲಿನ ಮೇಲೂ ಇಲ್ಲ.

ಅಲ್ಲಿಂದ ತಿರುಗಿದೆವು. ಈಗ ಇಳಿತ ನಮ್ಮ ಕಡೆಗಿತ್ತು, ದೋಣಿ ಜಾರಿಕೊಂಡು ಹೋದ ಹಾಗೆ ಹೋಯಿತು. ಸೇತುವೆಯ ಕೆಳಗೆ ಹಾದಾಗ ಆ ಜೇನಿನ ಸದ್ದು ತಲೆ ಮೇಲೆ ಬಂದು, ಹಿಂದೆ ಸರಿದು, ನಿಂತಿತು. ಎಡಕ್ಕೆ ಆಚೆ ದಡದ ಗುಡ್ಡದ ಮೇಲೆ ಕೈ ಚಾಚಿ ನಿಂತ ಕ್ರಿಸ್ತನ ಮೂರ್ತಿ, 1959ರದ್ದು. ಮುಂದೆ ಬೆಲೇಂ.

ಬೆಲೇಂ ದಡದಿಂದಲೇ 1497ರ ಜುಲೈ 8ರಂದು ವಾಸ್ಕೋ ಡ ಗಾಮ ಹೊರಟದ್ದು. ನಾಲ್ಕು ಹಡಗು. ಕಲ್ಲಿಕೋಟೆ ಮುಟ್ಟಿದ್ದು ಮುಂದಿನ ವರ್ಷ ಮೇ ತಿಂಗಳಲ್ಲಿ. ವಾಪಸ್ ಬರುವಾಗ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿ ಹಡಗು ರಿಪೇರಿ ಮಾಡಿಕೊಂಡ. ಈಗ ದಡದಲ್ಲಿ ಐವತ್ತೆರಡು ಮೀಟರ್ ಎತ್ತರದ ಕಲ್ಲಿನ ಸ್ಮಾರಕ ನಿಂತಿದೆ, ಹಡಗಿನ ಮೂತಿಯ ಹಾಗೆ, ಅದರ ಮೇಲೆ ಸಾಲಾಗಿ ನಾವಿಕರು. ಚೆಂದವಾಗಿದೆ, ಸಂಜೆಬೆಳಕಿನಲ್ಲಿ ಇನ್ನೂ ಚೆಂದ. ಆದರೆ ನನಗೆ ಅದನ್ನು ನೋಡುತ್ತಾ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯ್ತು. ಗಾಮನ ಎಂಟು ವರ್ಷದ ನಂತರ, 1505ರಲ್ಲಿ, ಇದೇ ನದಿಯಿಂದ ಹೊರಟ ಪೋರ್ಚುಗೀಸ್ ವೈಸರಾಯ್ ಅಲ್ಮೇಡನ ಪಡೆ ಹೊನ್ನಾವರದಲ್ಲಿ ನಿಂತಿದ್ದ ಹಡಗುಗಳಿಗೆ, ಮನೆಗಳಿಗೆ ಬೆಂಕಿ ಹಾಕಿತು. ನಮ್ಮೂರಿನಲ್ಲಿ ಅದಕ್ಕೆ ಒಂದು ಕಲ್ಲೂ ಇಲ್ಲ, ಎಷ್ಟೋ ಜನಕ್ಕೆ ಗೊತ್ತೂ ಇಲ್ಲ. ಇದನ್ನು ಹುಡುಗಿಗೆ ಹೇಳಿದೆ. ಅವಳು ಚುಕ್ಕಾಣಿ ಹಿಡಿದುಕೊಂಡೇ ಪೂರ್ತಿ ಕೇಳಿದಳು. ನಮಗೆ ಶಾಲೆಯಲ್ಲಿ ಇದನ್ನು ಹೇಳಿಕೊಡಲಿಲ್ಲ ಅಂದಳು. ಊರಿನ ಹೆಸರು ಇನ್ನೊಮ್ಮೆ ಕೇಳಿ, ನಿಧಾನವಾಗಿ ಹೇಳಿ ನೋಡಿದಳು.

ಸ್ಮಾರಕದ ಹಿಂದೆ ಜೆರೋನಿಮೋಸ್ ಮಠ ಕಾಣುತ್ತದೆ, ಬೆಳ್ಳಗೆ, ಉದ್ದಕ್ಕೆ. 1501ರ ಹೊತ್ತಿಗೆ ಕಟ್ಟಲು ಶುರು ಮಾಡಿದ್ದು. ಖರ್ಚಿಗೆ ಮೆಣಸು ಮಸಾಲೆ ವ್ಯಾಪಾರದ ಮೇಲೆ ಇಪ್ಪತ್ತರಲ್ಲಿ ಒಂದು ಪಾಲಿನ ತೆರಿಗೆ. ಹಿಂದಿನ ದಿನ ಒಳಗೆ ಹೋಗಿದ್ದಾಗ, ಹಗ್ಗ ಹೆಣೆದ ಹಾಗೆ ಕೆತ್ತಿದ ಕಂಬಗಳನ್ನು ಆಯಿ ಕೈಯಿಂದ ಸವರಿ ನೋಡಿದ್ದಳು. ಒಂದು ಕಂಬವಾದರೂ ನಮ್ಮ ಘಟ್ಟದ ಮೆಣಸಿನದ್ದಿರಬೇಕು ಅಂತ ನನಗೆ ಅನ್ನಿಸುತ್ತದೆ.

ಬೆಲೇಂ ಗೋಪುರದ ಎದುರು ಹಾಯಿ ಸಡಿಲ ಬಿಟ್ಟಳು. ದೋಣಿ ಬರೀ ಇಳಿತಕ್ಕೆ ತೇಲುತ್ತಿತ್ತು. ಸೂರ್ಯ ಇಳಿದು, ನದಿಯ ಬಾಯಿಯ ಕಡೆಯೆಲ್ಲ ತಾಮ್ರದ ಹಂಡೆ ಹುಳಿ ಹಾಕಿ ತಿಕ್ಕಿಟ್ಟ ಬಣ್ಣ. ಗೋಪುರ ಮೊದಲು ಹಳದಿ, ಆಮೇಲೆ ಕೇಸರಿ, ಆಮೇಲೆ ಸುಮ್ಮನೆ ಬೂದಿ. ನನ್ನ ಗಂಡ ಕ್ಯಾಮೆರಾ ಕೆಳಗಿಟ್ಟರು.

ಬಿಸಿಲು ಹೋದದ್ದೇ ಚಳಿ ಹತ್ತಿತು. ಇದನ್ನು ನೆನಪಿಡಿ, ಹಗಲು ಎಷ್ಟೇ ಸೆಕೆ ಇದ್ದರೂ ಸ್ವೆಟರ್ ಬೇಕು. ಆಯಿ ಚೀಲದಿಂದ ಫ್ಲಾಸ್ಕ್ ತೆಗೆದಳು. ಜೀರಿಗೆ, ಕೊತ್ತಂಬರಿ, ಮೆಣಸು ಹುರಿದು ಮಾಡಿದ ಪುಡಿಯನ್ನು ಊರಿಂದಲೇ ತಂದಿದ್ದಳು, ಹೋಟೆಲ್ ರೂಮಿನ ಕೆಟ್ಲಿನಲ್ಲಿ ನೀರು ಕಾಯಿಸಿ, ಹಾಲು ಬೆಲ್ಲ ಹಾಕಿ ಕಷಾಯ ಮಾಡಿದ್ದಳು. ಮೊದಲ ಲೋಟ ಹುಡುಗಿಗೆ ಕೊಟ್ಟಳು. ಅವಳು ಒಂದು ಗುಟುಕು ಕುಡಿದು, ಗಂಟಲು ಮುಟ್ಟಿಕೊಂಡು, "ಪಿಮೆಂತ?" ಅಂದಳು.

"ಹೌದು, ನಮ್ಮ ತೋಟದ್ದು" ಅಂತ ಆಯಿ ಕನ್ನಡದಲ್ಲೇ ಹೇಳಿದಳು. ಇನ್ನೊಂದು ಲೋಟ ಬಗ್ಗಿಸಿದಳು.

ಧಕ್ಕೆಗೆ ಬರುವಾಗ ಕತ್ತಲಾಗಿತ್ತು. ಹಗ್ಗ ಕಟ್ಟಿ, ನಮ್ಮನ್ನು ಇಳಿಸಿ, ಹುಡುಗಿ ಬಾಲ್ದಿಯಿಂದ ನೀರು ಸುರಿದು ದೋಣಿ ತೊಳೆಯಲು ನಿಂತಳು. ಆಯಿ ಕೇಳಿದ್ದು, ನಾಳೆ ಇಳಿತ ಎಷ್ಟು ಹೊತ್ತಿಗೆ ಅಂತ. ಬೆಳಿಗ್ಗೆ ಅಷ್ಟು ಹೊತ್ತಿಗೆ ಸರಿಯಾಗಿ ಆ ಎರಡು ಕಂಬಗಳ ನಡುವಿನ ಮೆಟ್ಟಿಲಿಗೆ ಹೋದೆವು. ನೀರು ಕೆಳಗೆ ಹೋಗಿ, ಪಾಚಿ ಹಿಡಿದ ಮೆಟ್ಟಿಲುಗಳು ಹೊರಗೆ ಬಂದಿದ್ದವು. ಆಯಿ ನನ್ನ ಭುಜ ಹಿಡಿದುಕೊಂಡು, ಸೀರೆ ಸ್ವಲ್ಪ ಎತ್ತಿ, ಒಂದೊಂದೇ ಮೆಟ್ಟಿಲು ಇಳಿದು ಕಾಲು ತೋಯಿಸಿಕೊಂಡಳು.

"ಇಲ್ಲಿ ಮೂಟೆ ಹೊತ್ತು ಹತ್ತುವುದು ಕಷ್ಟವೇ ಕೂಸೆ, ಎಷ್ಟು ಜಾರ್ತದೆ ನೋಡು" ಅಂದಳು.