ಮೇಲಿನ ತೋಟದ ಕಡ್ಡಿ

ಮಾರ್ಚ್ 16, 2025, ಭಾನುವಾರ

"ಅಕ್ಕಾ, ಆ ರಾಶಿ ಮುಟ್ಬೇಡಿ. ಅದು ಮೇಲಿನ ತೋಟದ್ದು."

ಗೋಡೌನ್ ಕೀ ಕೊಡಲು ಬಂದ ತೋಟದ ಮೇಸ್ತ್ರಿ ಹಿತ್ತಲ ಬಾಗಿಲಲ್ಲೇ ನಿಂತು ಹೇಳಿದರು. ಅಷ್ಟರಲ್ಲಿ ಡ್ರಮ್ಮಿನಲ್ಲಿ ಕೆಂಡ ತಯಾರಾಗಿತ್ತು. ಕೋಳಿ ತೊಡೆಗೆ ಉಪ್ಪು, ಕಾಳುಮೆಣಸು ಹಚ್ಚಿ ಬೆಳಿಗ್ಗೆಯೇ ಇಟ್ಟಿದ್ದೆ. ಕಾಫಿ ಗಿಡದ ಕೊಂಬೆ ಸವರುವ ಗಿಡಗಸಿ ಮುಗಿದ ಮೇಲೆ ಪುಟ್ಟ ದಿನಾ ಒಂದಿಷ್ಟು ಒಣ ಕಡ್ಡಿ ಆರಿಸಿ ತಂದು ಪೇರಿಸಿದ್ದ. ಕಾಫಿ ಕಟ್ಟಿಗೆ ಹೊಗೆಯಲ್ಲಿ ಕೋಳಿ ಮಾಡಬೇಕು ಅಂತ ಅವನಿಗೆ ರಜೆ ಶುರುವಾದಾಗಿಂದ ಆಸೆ.

"ಯಾಕೆ ಮೇಸ್ತ್ರಿ, ಚೆನ್ನಾಗಿ ಒಣಗಿದೆಯಲ್ಲ?"

"ಒಣಗಿದ್ರೇನಕ್ಕ? ಅರೇಬಿಕಾ ಅದು. ಬುಡದಿಂದ ದಪ್ಪ ಕೊಂಬೆ ತನಕ ಕಾಂಡಕೊರಕದ ಔಷಧಿ ಹೊಡೆದಿದ್ದೀವಿ. ಅದನ್ನ ಸುಟ್ಟು ಆ ಹೊಗೆ ಕೋಳಿಗೆ ಹಿಡಿಸಿ ಹುಡುಗನಿಗೆ ಕೊಡ್ತೀರಾ?"

ಕೊನೆಯ ಮಾತು ಎದೆಗೆ ತಾಗಿತು. ಕೊರಕದ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಔಷಧಿ ಬೀಳುವುದೂ ಅದೇ ತೊಗಟೆ ಮೇಲೆ. ಮರ ಬಿಸಿಯಾದಾಗ ಅದನ್ನು ಗಟ್ಟಿಯಾಗಿಸುವ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಅನ್ನುವ ರಾಸಾಯನಿಕಗಳು ಹುಟ್ಟುತ್ತವೆ. ನಮ್ಮ ನಾಲಿಗೆಗೆ ಹೊಗೆಯ ರುಚಿ ಅನ್ನಿಸುವುದು ಹೆಚ್ಚಾಗಿ ಇವೇ. ತೊಗಟೆ ಮೇಲೆ ಬೇರೆ ಏನಾದರೂ ಕೂತಿದ್ದರೆ ಅದೂ ಜೊತೆಗೆ ಏಳುತ್ತದೆ, ಅಲ್ವಾ? ಟೆಕ್ಸಾಸ್‌ನವರು ಓಕ್, ಮೆಸ್ಕೀಟ್ ಮರದ ಹೊಗೆಯಲ್ಲಿ ಮಾಂಸ ಬೇಯಿಸುವ ವಿಡಿಯೋ ನೋಡಿ ನಮ್ಮ ಮಕ್ಕಳು ಕೈಗೆ ಸಿಕ್ಕ ಕಡ್ಡಿಯನ್ನೆಲ್ಲ ಕೆಂಡಕ್ಕೆ ಹಾಕುತ್ತಾರೆ. ಬೇಲಿಯಲ್ಲಿ ಕಣಗಿಲೆ ಇರುತ್ತದೆ. ಅದರ ಹೊಗೆಯೂ ವಿಷ. ಹಾಸ್ಟೆಲ್ ಹುಡುಗರಿಗೆ ಇದನ್ನು ಯಾರು ಹೇಳುತ್ತಾರೆ?

"ಬಚ್ಚಲ ಹಿಂದಿನ ರೋಬಸ್ಟಾ ಕಡ್ಡಿ ತಗೊಳ್ಳಿ. ಅದಕ್ಕೆ ಕಾಂಡಕೊರಕದ ಕಾಟ ಇಲ್ಲ. ಆ ನಾಲ್ಕು ಗಿಡಕ್ಕೆ ನಾನು ಏನೂ ಹೊಡೆದಿಲ್ಲ" ಅಂದರು. ಆಮೇಲೆ ತಾವೇ ಹೋಗಿ ಒಂದು ಹೊರೆ ಮುರಿದು ತಂದರು. ಒಂದೊಂದನ್ನೂ ಬಗ್ಗಿಸಿ ನೋಡಿ, ಪಟ್ ಅಂತ ಮುರಿಯದ್ದನ್ನು ಪಕ್ಕಕ್ಕೆ ಎಸೆದರು.

ಹೊಗೆ ಮೊದಲು ದಟ್ಟ ಬಿಳಿ. ಆಗ ಮಾಂಸ ಇಟ್ಟರೆ ಕಹಿ ಹಿಡಿಯುತ್ತದೆ. ಕಾದೆವು. ತೆಳ್ಳಗಾಗಿ ನೀಲಿಗೆ ತಿರುಗಿದ ಮೇಲೆ ಕೆಂಡವಿಲ್ಲದ ಬದಿಗೆ ಕೋಳಿ ಇಟ್ಟು ಮುಚ್ಚಿದೆ. ಒಳಗೆ 110 ಡಿಗ್ರಿ ಆಸುಪಾಸು. ಮಧ್ಯದಲ್ಲಿ ಪುಟ್ಟ ಕಿತ್ತಳೆಯ ಒಣ ಸಿಪ್ಪೆ ಹಾಕಿದ. ಸಿಪ್ಪೆ ಸುರುಳಿ ಸುತ್ತಿಕೊಂಡಿತು, ಅಂಚು ಕಪ್ಪಾಯಿತು, ಒಳಗಿನ ಎಣ್ಣೆ ಚಿಟಚಿಟ ಅಂದು ಸಣ್ಣ ಉರಿ ಎದ್ದು ಆರಿತು. ಆ ವಾಸನೆಗೆ ಪಕ್ಕದ ಮನೆ ಅತ್ತಿಗೆ ಬೇಲಿ ತನಕ ಬಂದು, ಏನ್ರೀ ಮಾಡ್ತಿದ್ದೀರಿ ಅಂದರು.

ಮೂಳೆ ಹತ್ತಿರ 74 ಡಿಗ್ರಿ ಮುಟ್ಟಿದ ಮೇಲೆ ತೆಗೆದೆ. ಕಾಫಿ ಕಟ್ಟಿಗೆಗೆ ಕಾಫಿಯ ಘಮ ಇಲ್ಲವೇ ಇಲ್ಲ. ಅದು ಬೀಜ ಹುರಿದಾಗ ಮಾತ್ರ ಬರುವಂಥದ್ದು. ಇದು ಮೆತ್ತಗಿನ, ಸ್ವಲ್ಪ ಸಿಹಿ ಹೊಗೆ. ಹಿಂದೆಯೇ ಕಿತ್ತಳೆಯ ಕಹಿ. ನನಗೆ ತುಂಬಾ ಹಿಡಿಸಿತು. ಕಾಳುಮೆಣಸು ಬಿಡಿಸಿ ಉಳಿದ ದಂಟಿನ ಹೊಗೆಯನ್ನು ಗೆಣಸಿಗೆ ಹಿಡಿಸಿ ನೋಡಿದೆವು. ಒಂದು ಹಿಡಿ ಹಾಕಿದರೆ ಗಂಟಲು ಕೆರೆಯುತ್ತದೆ, ನಾಲ್ಕು ದಂಟು ಸಾಕು.

ಪುಟ್ಟ ಮಲಗಿದ್ದಾನೆ. ಅಂಗಿ ತುಂಬಾ ಹೊಗೆ ವಾಸನೆ, ಬಿಚ್ಚಲು ಒಪ್ಪಲಿಲ್ಲ.

ನೆರಳು ಮರದ ಕೊಂಬೆ ಕಡಿಯುವ ಮರಗಸಿ ಶುರುವಾದಾಗ ಹಲಸಿನ ಕೊಂಬೆ ಎತ್ತಿಡ್ತೀನಿ ಅಂತ ಮೇಸ್ತ್ರಿ ಹೇಳಿ ಹೋದರು. ಹಲಸಿಗೆ ಅಂಟು ಜಾಸ್ತಿ, ಮಳೆಗೆ ಮುಂಚೆ ಒಣಗುವುದು ಅನುಮಾನ. ಮತ್ತೆ ನಮ್ಮ ಹಲಸಿನ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ, ಬಳ್ಳಿಗೆ ಪ್ರತಿ ವರ್ಷ ಬೋರ್ಡೊ ಔಷಧಿ ಬೀಳುತ್ತದೆ. ಮೈಲುತುತ್ತ, ಸುಣ್ಣ. ಮೇಲಿನ ಕೊಂಬೆಗೆ ತಾಗಿರಲಿಕ್ಕಿಲ್ಲ. ಆದರೂ ಯಾವ ಮರದ್ದು ಅಂತ ನಾಳೆ ಕೇಳಬೇಕು, ಬಾವಿ ಪಕ್ಕದ್ದಾದರೆ ಅದಕ್ಕೆ ಬಳ್ಳಿ ಇಲ್ಲ, ಆದರೆ ಅದನ್ನು ಕಡಿಯಲು ಅತ್ತೆ...